ಅಪ್ಪನ ಫೋನು ಮತ್ತು ನಾನು ಬರೆದ ಒಂಬತ್ತು ಸಾಲು

"ಅದು ಫೋನಲ್ಲಿ ಬರೋದಿಲ್ಲ ಮಗಾ. ಕಂಪ್ಯೂಟರಲ್ಲಿ ಮಾತ್ರ ಬರೋದು."

2022ರ ಜುಲೈನಲ್ಲಿ ಅಪ್ಪ ಈ ಮಾತು ಹೇಳಿದಾಗ ನಾನು ಊರಿನ ಮನೆಯ ಜಗಲಿಯಲ್ಲಿ ಕೂತಿದ್ದೆ. ಸಾಗರದಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ ನಮ್ಮೂರು. ಹೊರಗೆ ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿತ್ತು. ಒಳಗೆ ಅಮ್ಮ ಮಲಗಿದ್ದಳು. ಹಿಂದಿನ ದಿನವಷ್ಟೇ ಅವಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೆವು.

ಅಮ್ಮನಿಗೆ ಶುಗರ್ ಇರೋದು ಹಳೇ ಕತೆ. ಆ ವರ್ಷ ಕಿಡ್ನಿಯೂ ಸ್ವಲ್ಪ ತಕರಾರು ಶುರುಮಾಡಿತ್ತು. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಕ್ರಿಯಾಟಿನಿನ್ ಎಷ್ಟಿದೆ ಅಂತ ಡಾಕ್ಟರಿಗೆ ಫೋನ್ ಮಾಡಿ ಹೇಳಬೇಕು. ಅದನ್ನು ನೋಡಿ ಅವರು ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಾರೆ. ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗ್ತಿದ್ದರು. ಮರುದಿನ ಅಪ್ಪನ ಫೋನಿಗೆ ಮೆಸೇಜು: ನಿಮ್ಮ ರಿಪೋರ್ಟ್ ಸಿದ್ಧವಾಗಿದೆ, ನೋಡಲು ಈ ಲಿಂಕ್ ಒತ್ತಿ.

ಆ ತಿಂಗಳ ರಿಪೋರ್ಟನ್ನು ನಾಲ್ಕು ದಿನ ಯಾರೂ ನೋಡಿರಲಿಲ್ಲ. ಐದನೇ ದಿನ ಅಮ್ಮನಿಗೆ ವಾಂತಿ, ಸುಸ್ತು. ಸಾಗರದ ಆಸ್ಪತ್ರೆಗೆ ಸೇರಿಸಿದ ಮೇಲೆ ಡಾಕ್ಟರು ರಿಪೋರ್ಟ್ ತರಿಸಿ ನೋಡಿದರು. ಹಿಂದಿನ ತಿಂಗಳು 1.4 ಇದ್ದದ್ದು 2.1ಕ್ಕೆ ಏರಿತ್ತು. "ಇದು ಅವತ್ತೇ ಗೊತ್ತಾಗಿದ್ರೆ ಬಿಪಿ ಮಾತ್ರೇಲಿ ಒಂದನ್ನ ಅವತ್ತೇ ನಿಲ್ಲಿಸ್ತಿದ್ದೆ" ಅಂದರು. ನಾಲ್ಕು ದಿನವೂ ಅಮ್ಮ ನಿಯತ್ತಾಗಿ ಆ ಮಾತ್ರೆ ನುಂಗಿದ್ದಳು. ಎರಡು ದಿನ ಡ್ರಿಪ್ ಹಾಕಿಸಿಕೊಂಡು ಸುಧಾರಿಸಿಕೊಂಡಳು ಅನ್ನೋದು ನಮ್ಮ ಪುಣ್ಯ.

ನನಗೆ ಅಪ್ಪನ ಮೇಲೆ ಸಿಟ್ಟು ಬಂದಿತ್ತು. "ಲಿಂಕ್ ಬಂದಿತ್ತಲ್ಲ ಅಪ್ಪ, ಒಂದ್ಸಲ ಒತ್ತಿದ್ರೆ ಆಗ್ತಿತ್ತು" ಅಂದೆ. ಅದಕ್ಕೆ ಅವರು ಕೊಟ್ಟ ಉತ್ತರ ಮೇಲಿನದ್ದು.

ಆಮೇಲೆ ನಿಧಾನಕ್ಕೆ ಪೂರ್ತಿ ಕತೆ ಹೊರಗೆ ಬಂತು. ಆರು ತಿಂಗಳಿಂದ ಅಪ್ಪ ಪ್ರತಿ ತಿಂಗಳೂ ಬಸ್ಸು ಹತ್ತಿ ಸಾಗರಕ್ಕೆ ಹೋಗ್ತಿದ್ದರು. ಅಲ್ಲಿ ಒಂದು ಜೆರಾಕ್ಸ್ ಅಂಗಡಿಯ ಹುಡುಗ ಆ ಮೆಸೇಜಿನ ಲಿಂಕನ್ನು ತನ್ನ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದುಕೊಡುತ್ತಿದ್ದ. ಜುಲೈನಲ್ಲಿ ಮಳೆಗೆ ರಸ್ತೆ ಮೇಲೆ ಮರ ಬಿದ್ದು ಬಸ್ಸು ಬಂದಿರಲಿಲ್ಲ. ಅಷ್ಟೇ ಆದದ್ದು.

"ನಂಗೆ ಒಂದು ಮಾತು ಹೇಳ್ಬಾರದಿತ್ತಾ?"

"ನಿಂಗೆ ಯಾಕೆ ತೊಂದ್ರೆ ಅಂತ. ನಾನೇ ಎಲ್ಲೋ ತಪ್ಪು ಒತ್ತತಾ ಇದೀನಿ ಅಂದ್ಕಂಡೆ."

ಕೊಟ್ಟಿಗೆಯ ಮೂಲೆಯಲ್ಲಿ ಮಾತ್ರ ನಮಗೆ ಸಿಗ್ನಲ್ ಸಿಗೋದು. ಅಲ್ಲಿಗೇ ಹೋಗಿ ಅಪ್ಪನ ಫೋನಿನಲ್ಲಿ ಆ ಲಿಂಕ್ ಒತ್ತಿದೆ. ಲ್ಯಾಬಿನ ಸ್ವಾಗತ ಪುಟ ಬಂತು. ಬಿಳಿ ಕೋಟು ತೊಟ್ಟು ನಗುತ್ತಾ ನಿಂತ ಡಾಕ್ಟರುಗಳ ಫೋಟೋ, ಕೆಳಗೆ ಪ್ಯಾಕೇಜುಗಳ ಆಫರ್. ರಿಪೋರ್ಟಿನ ಸುದ್ದಿಯೇ ಇಲ್ಲ. "ಇದೇ ನೋಡು, ಪ್ರತೀ ಸಲ ಇವ್ರೇ ನಗ್ತಾ ಬರ್ತಾರೆ" ಅಂದರು ಅಪ್ಪ.

ಇನ್ನೊಮ್ಮೆ ಒತ್ತಿದೆ. ಈ ಸಲ ನಾನು ಫೋಟೋ ನೋಡಲಿಲ್ಲ, ಮೇಲಿನ ಅಡ್ರೆಸ್ ಪಟ್ಟಿಯನ್ನು ನೋಡಿದೆ. ರಿಪೋರ್ಟ್ ನಂಬರ್ ಇದ್ದ ಉದ್ದನೆಯ ವಿಳಾಸ ಒಂದು ಕ್ಷಣ ಕಂಡು, ತಟ್ಟನೆ 'ಎಂ ಡಾಟ್' ಅಂತ ಶುರುವಾಗುವ ಚಿಕ್ಕ ವಿಳಾಸವಾಗಿ ಬದಲಾಯಿತು. ಏನಾಗಿದೆ ಅಂತ ನನಗೆ ಅಲ್ಲೇ ಅರ್ಥವಾಯಿತು. ಯಾಕೆಂದರೆ ಇಂಥದ್ದೇ ಒಂಬತ್ತು ಸಾಲು ಕೋಡನ್ನು ನಾನೂ ಒಮ್ಮೆ ಬರೆದಿದ್ದೆ.

ಬಾಗಿಲಲ್ಲಿ ನಿಂತವನು

ತಾಂತ್ರಿಕ ವಿಷಯ, ಆದರೆ ಕಷ್ಟದ್ದಲ್ಲ. ನೀವು ತಾಲ್ಲೂಕು ಕಚೇರಿಗೆ ಹೋಗಿದ್ದೀರಿ ಅಂದುಕೊಳ್ಳಿ. ಕೈಯಲ್ಲಿ ಚೀಟಿ ಇದೆ: ಎರಡನೇ ಮಹಡಿ, ಏಳನೇ ಕೋಣೆ, ಪಹಣಿ ತಿದ್ದುಪಡಿ. ಬಾಗಿಲಲ್ಲಿ ಒಬ್ಬ ನಿಂತಿದ್ದಾನೆ. ಅವನು ಚೀಟಿ ನೋಡುವುದಿಲ್ಲ, ನಿಮ್ಮ ಚಪ್ಪಲಿ ನೋಡುತ್ತಾನೆ. "ಹವಾಯಿ ಚಪ್ಪಲಿಯವರಿಗೆ ಪಕ್ಕದ ಕಟ್ಟಡ" ಅನ್ನುತ್ತಾನೆ. ಪಕ್ಕದ ಕಟ್ಟಡಕ್ಕೆ ಹೋದರೆ ಅಲ್ಲಿ ದೊಡ್ಡದಾಗಿ 'ಸುಸ್ವಾಗತ' ಅಂತ ಬೋರ್ಡಿದೆ. ನೀವು ತಂದ ಚೀಟಿ ಮಾತ್ರ ಮೊದಲನೆಯ ಬಾಗಿಲಲ್ಲೇ ಉಳಿದುಹೋಗಿದೆ.

ಫೋನಿನಿಂದ ಬಂದವರನ್ನು ಗುರುತಿಸಿ ಮೊಬೈಲ್ ಸೈಟಿಗೆ ಕಳಿಸುವುದು ಅಂದರೆ ಹೆಚ್ಚುಕಡಿಮೆ ಇಷ್ಟೇ. ನಾವು ಇದನ್ನು ರೀಡೈರೆಕ್ಟ್ ಅಂತೀವಿ. ಕಳಿಸುವುದೇ ತಪ್ಪಲ್ಲ, ಚೀಟಿಯ ಸಮೇತ ಕಳಿಸಿದರೆ ಯಾರಿಗೂ ತೊಂದರೆಯಿಲ್ಲ. ಅಂದರೆ ನೀವು ಕೇಳಿದ ಪುಟದ ಮೊಬೈಲ್ ರೂಪಕ್ಕೇ ಕಳಿಸಬೇಕು. ಹಾಗೆ ಮಾಡದೆ ಎಲ್ಲರನ್ನೂ ಮುಖಪುಟಕ್ಕೆ ತಳ್ಳಿದರೆ ಅಪ್ಪನಿಗೆ ಆದದ್ದೇ ಆಗುತ್ತದೆ. ಈ ತಪ್ಪು ಎಷ್ಟು ಮಾಮೂಲಿಯಾಗಿತ್ತೆಂದರೆ, 2013ರಲ್ಲಿ ಗೂಗಲ್ ಇದಕ್ಕೆ 'ಫಾಲ್ಟಿ ರೀಡೈರೆಕ್ಟ್' ಅಂತ ಹೆಸರಿಟ್ಟು, ಇಂಥ ಸೈಟುಗಳನ್ನು ಫೋನಿನ ಹುಡುಕಾಟದಲ್ಲಿ ಹಿಂದಕ್ಕೆ ತಳ್ಳಬಹುದು ಅಂತ ಎಚ್ಚರಿಸಿತ್ತು.

ಹೆಸರು ಹೇಳಿ ಒಳಗೆ ಬನ್ನಿ

ಬಾಗಿಲಲ್ಲಿ ನಿಂತವನಿಗೆ ಚಪ್ಪಲಿ ಹೇಗೆ ಕಾಣುತ್ತದೆ? ಬ್ರೌಸರ್ ಪ್ರತಿ ಸಲ ಪುಟ ಕೇಳುವಾಗಲೂ ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಅದಕ್ಕೆ 'ಯೂಸರ್ ಏಜೆಂಟ್' ಅಂತ ಹೆಸರು. ಒಂದು ಆಂಡ್ರಾಯ್ಡ್ ಫೋನಿನ ಕ್ರೋಮ್ ತನ್ನನ್ನು ಹೀಗೆ ಪರಿಚಯಿಸಿಕೊಳ್ಳುತ್ತದೆ: ಮೊಜಿಲ್ಲಾ 5.0, ಲಿನಕ್ಸ್, ಆಂಡ್ರಾಯ್ಡ್ 10, ಆಪಲ್ ವೆಬ್‌ಕಿಟ್, ಕೆಎಚ್‌ಟಿಎಂಎಲ್, ಗೆಕೋ ಥರ, ಕ್ರೋಮ್, ಮೊಬೈಲ್, ಸಫಾರಿ.

ಒಬ್ಬನಿಗೇ ಇಷ್ಟೊಂದು ಹೆಸರು ಯಾಕೆ? ಇದೊಂದು ಮಜವಾದ ಕತೆ. 1994ರಲ್ಲಿ ನೆಟ್‌ಸ್ಕೇಪ್ ಬ್ರೌಸರ್ ಬಂತು, ಅದರ ಒಳಹೆಸರು ಮೊಜಿಲ್ಲಾ. ಅದು ಚೆನ್ನಾಗಿತ್ತು. ಹಾಗಾಗಿ ಹಲವು ಸೈಟುಗಳು 'ಮೊಜಿಲ್ಲಾ ಅಂದವರಿಗೆ ಮಾತ್ರ ಒಳ್ಳೆಯ ಪುಟ, ಉಳಿದವರಿಗೆ ಸಾದಾ ಪುಟ' ಅಂತ ನಿಯಮ ಮಾಡಿಕೊಂಡವು. 1995ರಲ್ಲಿ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂತು. ಸಾದಾ ಪುಟ ಯಾರಿಗೆ ಬೇಕು? ಮದುವೆಮನೆಯಲ್ಲಿ ಪರಿಚಯವಿಲ್ಲದಿದ್ದರೂ 'ನಾನು ಹುಡುಗನ ಕಡೆಯವನು' ಅಂದು ಪಂಕ್ತಿಯಲ್ಲಿ ಕೂರುವವರ ಹಾಗೆ, ಅದೂ ತನ್ನನ್ನು ಮೊಜಿಲ್ಲಾ ಅಂತಲೇ ಕರೆದುಕೊಂಡಿತು. 2003ರಲ್ಲಿ ಬಂದ ಸಫಾರಿ 'ನಾನು ಗೆಕೋ ಥರ' ಅಂದಿತು. 2008ರಲ್ಲಿ ಬಂದ ಕ್ರೋಮ್ 'ನಾನು ಇವರೆಲ್ಲರ ಕಡೆಯವನು' ಅಂದಿತು. ಹೆಸರು ನೋಡಿ ಎಲೆ ಹಾಕುವ ಪದ್ಧತಿ ಇರುವವರೆಗೆ ಸುಳ್ಳು ಹೆಸರು ಹೇಳುವವರೂ ಇರುತ್ತಾರೆ.

ಆ ಉದ್ದ ಸಾಲಿನಲ್ಲಿ 'ಮೊಬೈಲ್' ಅನ್ನುವ ಪದ ಹುಡುಕುವುದೇ ಫೋನನ್ನು ಪತ್ತೆ ಹಚ್ಚುವ ಸುಲಭ ದಾರಿ. ಸುಲಭ, ಆದರೆ ನೆಚ್ಚಿಕೊಳ್ಳುವಂಥದ್ದಲ್ಲ. ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳ ಕ್ರೋಮ್‌ನಲ್ಲಿ ಆ ಪದ ಇರುವುದಿಲ್ಲ. 2019ರಲ್ಲಿ ಬಂದ ಐಪ್ಯಾಡ್‌ಓಎಸ್ 13ರಿಂದ ಐಪ್ಯಾಡಿನ ಸಫಾರಿ ತನ್ನನ್ನು ಮ್ಯಾಕ್ ಕಂಪ್ಯೂಟರ್ ಅಂತಲೇ ಹೇಳಿಕೊಳ್ಳುತ್ತದೆ. ಅದನ್ನು ಹಿಡಿಯೋದಕ್ಕೆ ನಾವು 'ಈ ಪರದೆ ಎಷ್ಟು ಬೆರಳಿನ ಸ್ಪರ್ಶ ಗುರುತಿಸುತ್ತೆ' ಅಂತ ಇನ್ನೊಂದು ಪ್ರಶ್ನೆ ಕೇಳಬೇಕು. 2017ರಲ್ಲಿ ಬಂದ ಜಿಯೋಫೋನಿನ ಪರದೆ ಬರೀ 2.4 ಇಂಚು, ಅದೂ 'ಮೊಬೈಲ್' ಅಂತಲೇ ಹೇಳುತ್ತದೆ. ಆರಿಂಚಿನ ಫೋನಿಗೂ ಅದಕ್ಕೂ ಒಂದೇ ಪುಟ ಕಳಿಸಿದರೆ ಹೇಗೆ? ಮೊದಲೆಲ್ಲ ಆ ಸಾಲಿನಲ್ಲಿ ಫೋನಿನ ಮಾಡೆಲ್ ಹೆಸರಾದರೂ ಇರುತ್ತಿತ್ತು. ಜನರ ಖಾಸಗಿತನದ ದೃಷ್ಟಿಯಿಂದ ಕ್ರೋಮ್ 2023ರಲ್ಲಿ ಅದನ್ನೂ ತೆಗೆದು, ಎಲ್ಲ ಫೋನಿಗೂ 'ಕೆ' ಅನ್ನುವ ಒಂದೇ ಅಕ್ಷರ ಇಟ್ಟಿದೆ.

ನನ್ನ ಒಂಬತ್ತು ಸಾಲು

2018. ನಾನು ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿತ್ತು. ಹಲವು ಕಾಲೇಜುಗಳನ್ನು ನಡೆಸುವ ಒಂದು ಸಂಸ್ಥೆ ನಮ್ಮ ಕ್ಲೈಂಟ್. ಅವರ ಸೈಟು ತುಂಬ ಹಳೆಯದು, ಫೋನಿನಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಪೂರ್ತಿ ಹೊಸದಾಗಿ ಕಟ್ಟಲು ದುಡ್ಡಿಲ್ಲ ಅಂದರು. ಹಾಗಾಗಿ ಏಳೆಂಟು ಪುಟಗಳ ಪುಟ್ಟ ಮೊಬೈಲ್ ಸೈಟ್ ಮಾಡಿ, ಫೋನಿನಿಂದ ಬಂದವರನ್ನು ಅಲ್ಲಿಗೆ ಕಳಿಸುವುದು ಅಂತ ತೀರ್ಮಾನವಾಯಿತು. ಕಳಿಸುವ ಕೆಲಸ ನನ್ನದು.

ಒಂಬತ್ತು ಸಾಲಿನಲ್ಲಿ ಮುಗಿಸಿದೆ. ಯೂಸರ್ ಏಜೆಂಟಿನಲ್ಲಿ 'ಮೊಬೈಲ್' ಇದ್ದರೆ ಮೊಬೈಲ್ ಮುಖಪುಟಕ್ಕೆ ಕಳಿಸು, ಇಲ್ಲದಿದ್ದರೆ ಬಿಡು. ಹಳೆಯ ಸೈಟಿನಲ್ಲಿದ್ದ ನೂರಾರು ಪುಟಗಳಿಗೆ ಮೊಬೈಲ್ ರೂಪವೇ ಇರಲಿಲ್ಲ. ಆ ಪುಟಗಳನ್ನು ಕೇಳಿಕೊಂಡು ಬಂದವರು ಏನು ಮಾಡಬೇಕು ಅಂತ ನಾನು ಕೇಳಲಿಲ್ಲ, ಯಾರೂ ನನ್ನನ್ನು ಕೇಳಲಿಲ್ಲ. ನನ್ನ ಫೋನಿನಲ್ಲಿ ಸೈಟಿನ ಹೆಸರು ಟೈಪ್ ಮಾಡಿದೆ, ಮೊಬೈಲ್ ಮುಖಪುಟ ಬಂತು. ಟೆಸ್ಟಿಂಗ್ ಮುಗಿಯಿತು. ಲೀಡ್ 'ಗುಡ್' ಅಂದರು. ಅವತ್ತು ಸಂಜೆ ನಾವು ನಾಲ್ಕು ಜನ ಹೋಗಿ ಗೋಬಿ ತಿಂದೆವು.

ಎರಡು ವಾರ ಬಿಟ್ಟು ಬೆಳಿಗ್ಗೆ ಒಂಬತ್ತಕ್ಕೆ ಫೋನು. ಸಂಸ್ಥೆಯ ಅಧ್ಯಕ್ಷರ ಲ್ಯಾಪ್‌ಟಾಪಿನಲ್ಲಿ ಮೊಬೈಲ್ ಸೈಟು ಬರುತ್ತಿದೆ! ಆಫೀಸಿನಲ್ಲಿ ಬೆಂಕಿ ಬಿದ್ದ ಹಾಗಾಯಿತು. ಕಾರಣ ಸಿಕ್ಕಿತು. ಸೈಟು ಬೇಗ ತೆರೆಯಲಿ ಅಂತ ಮಧ್ಯದಲ್ಲಿ ಒಂದು ಕ್ಯಾಶ್ ಇಟ್ಟಿದ್ದೆವು. ಒಮ್ಮೆ ಕೊಟ್ಟ ಉತ್ತರವನ್ನು ನೆನಪಿಟ್ಟುಕೊಂಡು ಮುಂದಿನವರಿಗೂ ಅದನ್ನೇ ಕೊಡುವುದು ಅದರ ಕೆಲಸ. ಫೋನಿನವರೊಬ್ಬರಿಗೆ ಕೊಟ್ಟ 'ಪಕ್ಕದ ಕಟ್ಟಡಕ್ಕೆ ಹೋಗಿ' ಅನ್ನುವ ಉತ್ತರವನ್ನು ಅದು ಅಧ್ಯಕ್ಷರಿಗೂ ಕೊಟ್ಟಿತ್ತು. 'ಈ ಉತ್ತರ ಬ್ರೌಸರಿನ ಪರಿಚಯದ ಮೇಲೆ ಬದಲಾಗುತ್ತೆ' ಅಂತ ಹೇಳುವ ಒಂದು ಸಾಲನ್ನು, ಅಂದರೆ 'ವೇರಿ' ಹೆಡರನ್ನು, ನಾನು ಸೇರಿಸಿರಲಿಲ್ಲ. ಸೇರಿಸಿದೆ, ಕ್ಯಾಶ್ ಖಾಲಿ ಮಾಡಿದೆ. ಒಂದು ಗಂಟೆಯೊಳಗೆ ಎಲ್ಲ ಸರಿಹೋಯಿತು.

ನಾಲ್ಕು ವರ್ಷದ ನಂತರ ಕೊಟ್ಟಿಗೆಯ ಮೂಲೆಯಲ್ಲಿ ನಿಂತಾಗ ನನಗೆ ಆ ಒಂದು ಗಂಟೆ ನೆನಪಾಯಿತು. ಅಧ್ಯಕ್ಷರಿಗೆ ಬೇಡದ ಪುಟ ಬಂದಾಗ ಒಂದೇ ಗಂಟೆಯಲ್ಲಿ ಸರಿಮಾಡಿದ್ದೆ. ಅದೇ ಸೈಟಿನಲ್ಲಿ ಹಾಲ್ ಟಿಕೆಟ್ಟಿನ ಲಿಂಕ್, ಫೀಸ್ ರಸೀದಿಯ ಲಿಂಕ್ ಒತ್ತಿದ ಹುಡುಗರಿಗೆ, ಅವರ ಅಪ್ಪ ಅಮ್ಮಂದಿರಿಗೆ ಏನು ಬರುತ್ತಿತ್ತು ಅಂತ ನಾನು ನೋಡಿರಲೇ ಇಲ್ಲ. ಅವರು ಫೋನು ಮಾಡಿರಲಿಲ್ಲ, ಅಷ್ಟೇ.

ಲೆಕ್ಕದಲ್ಲಿ ಎಲ್ಲವೂ ಸರಿ

ಯಾಕೆ ಯಾರೂ ಹೇಳಲಿಲ್ಲ? ನಾನು ಬಹಳ ದಿನ ಯೋಚಿಸಿದ್ದು ಇದನ್ನೇ.

ಸೈಟ್ ಕೆಟ್ಟರೆ ಗೊತ್ತಾಗುತ್ತದೆ. ಪುಟ ಇಲ್ಲದಿದ್ದರೆ 404 ಅಂತ ಬರುತ್ತದೆ, ಸರ್ವರ್ ಬಿದ್ದರೆ 500 ಅಂತ ಬರುತ್ತದೆ, ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬಣ್ಣ ಕಾಣುತ್ತದೆ. ಇಲ್ಲಿ ಹಾಗಲ್ಲ. ಅಪ್ಪ ಲಿಂಕ್ ಒತ್ತಿದರು: 302, ಬೇರೆ ಕಡೆ ಕಳಿಸಲಾಗಿದೆ. ಮುಖಪುಟ ತೆರೆಯಿತು: 200, ಯಶಸ್ವಿ. ಕಂಪನಿಯ ಲೆಕ್ಕದಲ್ಲಿ ಅದು ಒಂದು ಭೇಟಿ, ಅದೂ ಮೊಬೈಲಿನಿಂದ ಬಂದ ಭೇಟಿ. ಅಪ್ಪ ಸೋತು ಮತ್ತೆ ಮತ್ತೆ ಒತ್ತಿದರೆ ಅಷ್ಟೂ ಭೇಟಿಗಳು. ತಿಂಗಳ ಕೊನೆಗೆ ಯಾರೋ 'ಮೊಬೈಲ್ ಟ್ರಾಫಿಕ್ ಏರಿದೆ' ಅಂತ ಸ್ಲೈಡ್ ಹಾಕಿಯೂ ಇರಬಹುದು.

ಇತ್ತ ಅಪ್ಪನಿಗೂ 'ತಪ್ಪಾಗಿದೆ' ಅಂತ ಯಾರೂ ಹೇಳಲಿಲ್ಲ. ನಗುವ ಡಾಕ್ಟರುಗಳು ಸ್ವಾಗತಿಸಿದರು. ತಪ್ಪು ಸೈಟಿನದ್ದು ಅಂತ ಹೇಳುವ ಒಂದು ಅಕ್ಷರವೂ ಪರದೆಯ ಮೇಲೆ ಇಲ್ಲದಿದ್ದಾಗ ಉಳಿಯುವುದು ಒಂದೇ ಅರ್ಥ: ನನಗೇ ಬರುವುದಿಲ್ಲ. ನಲವತ್ತು ವರ್ಷ ಅಡಿಕೆ ತೋಟದ ಲೆಕ್ಕವನ್ನು ಒಂದು ಪೈಸೆ ತಪ್ಪಿಲ್ಲದೆ ಇಟ್ಟವರು ಆರು ತಿಂಗಳು ತಮ್ಮ ಬೆರಳನ್ನೇ ಅನುಮಾನಿಸಿದರು. ಮಗ ಸಾಫ್ಟ್‌ವೇರ್ ಇಂಜಿನಿಯರ್ ಅನ್ನೋ ಕಾರಣಕ್ಕೇ ಅವನಿಗೆ ಹೇಳಲು ಇನ್ನಷ್ಟು ಸಂಕೋಚಪಟ್ಟರು. ಬಸ್ಸಿನ ಖರ್ಚಿಗಿಂತ ಇದು ನನ್ನನ್ನು ಹೆಚ್ಚು ಕಾಡಿತು.

ಮರುದಿನ ಲ್ಯಾಬಿಗೆ ಫೋನ್ ಮಾಡಿದೆ. ಕೌಂಟರಿನ ಹುಡುಗಿ ಪಾಪ ಒಳ್ಳೆಯವಳೇ. ಅಲ್ಲೇ ಲಿಂಕ್ ತೆರೆದು ನೋಡಿ, "ಸರ್, ಇಲ್ಲಿ ಸರಿಯಾಗೇ ಬರ್ತಾ ಇದೆಯಲ್ಲ" ಅಂದಳು. ಅವಳ ಮುಂದೆ ಇದ್ದದ್ದು ಕಂಪ್ಯೂಟರ್. ಅವಳಿಗೆ ಯಾವತ್ತೂ ಸರಿಯಾಗೇ ಬರುತ್ತದೆ.

ಸರಿಯಾದ ದಾರಿ ಯಾವುದು?

ಉತ್ತರ ಹೊಸದೇನಲ್ಲ. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ಡಿಸೈನರ್ ಒಂದು ಲೇಖನದಲ್ಲಿ 'ರೆಸ್ಪಾನ್ಸಿವ್ ವೆಬ್ ಡಿಸೈನ್' ಅನ್ನುವ ಹೆಸರು ಕೊಟ್ಟರು. ಎರಡು ಕಟ್ಟಡ ಬೇಡ, ಬಾಗಿಲಲ್ಲಿ ಚಪ್ಪಲಿ ನೋಡುವವನೂ ಬೇಡ. ವಿಳಾಸ ಒಂದೇ, ಪುಟ ಒಂದೇ. ಪರದೆ ಎಷ್ಟು ಅಗಲ ಇದೆ ಅಂತ ನೋಡಿಕೊಂಡು ಪುಟವೇ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿ ಮೂರು ಕಾಲಂ ಇದ್ದದ್ದು ಫೋನಿನಲ್ಲಿ ಒಂದರ ಕೆಳಗೊಂದು ಬರುತ್ತದೆ. ನೀವು ಯಾರು ಅಂತ ಅದು ಕೇಳುವುದಿಲ್ಲ, ಎಷ್ಟು ಜಾಗ ಇದೆ ಅಂತಷ್ಟೇ ಕೇಳುತ್ತದೆ. ಈಗ ಹೊಸದಾಗಿ ಕಟ್ಟುವ ಬಹುತೇಕ ಸೈಟುಗಳು ಹೀಗೇ ಇರುತ್ತವೆ.

ಆದರೂ ಹಳೆಯ ಸೈಟುಗಳು, ದುಡ್ಡಿಲ್ಲದ ಕ್ಲೈಂಟುಗಳು ಇರುತ್ತಾರೆ. ಕಳಿಸಲೇಬೇಕಾದರೆ ಮೂರು ನಿಯಮ ಸಾಕು ಅಂತ ನಾನು ಕಲಿತಿದ್ದೇನೆ. ಕೇಳಿದ ಪುಟದ ಮೊಬೈಲ್ ರೂಪ ಇದ್ದರೆ ನೇರ ಅಲ್ಲಿಗೇ ಕಳಿಸಬೇಕು. ಇಲ್ಲದಿದ್ದರೆ ಕಳಿಸಲೇಬಾರದು. ಇರುವೆ ಸಾಲಿನಂಥ ಅಕ್ಷರವನ್ನಾದರೂ ಎರಡು ಬೆರಳಲ್ಲಿ ಹಿಗ್ಗಿಸಿ ಓದಬಹುದು, ಇಲ್ಲದ ರಿಪೋರ್ಟನ್ನು ಓದಲಿಕ್ಕಾಗುವುದಿಲ್ಲ. ಮೂರನೆಯದು, 'ಪೂರ್ತಿ ಸೈಟು ನೋಡಿ' ಅಂತ ಒಂದು ಲಿಂಕ್ ಇರಬೇಕು, ಅದನ್ನು ಒತ್ತಿದವರನ್ನು ನೆನಪಿಟ್ಟುಕೊಂಡು ಮತ್ತೆ ಮತ್ತೆ ತಳ್ಳಬಾರದು.

ಎಲ್ಲಿಗೆ ಹೋಗಬೇಕು ಅಂತ ನಾವೇ ತೀರ್ಮಾನಿಸುವ ಚಾಳಿ ಸಣ್ಣ ಕಂಪನಿಗಳದ್ದು ಮಾತ್ರವಲ್ಲ. 2015ರಲ್ಲಿ ನಮ್ಮ ಬೆಂಗಳೂರಿನ ಮಿಂತ್ರಾ ತನ್ನ ವೆಬ್‌ಸೈಟನ್ನೇ ಮುಚ್ಚಿ, ಬೇಕಾದವರು ಆ್ಯಪ್ ಹಾಕಿಕೊಳ್ಳಿ ಅಂದಿತ್ತು. 2016ರಲ್ಲಿ ಸೈಟನ್ನು ಮತ್ತೆ ತೆರೆಯಿತು. ಗಿರಾಕಿ ಬಂದ ಬಾಗಿಲಲ್ಲೇ ವ್ಯಾಪಾರ ಮಾಡಬೇಕು ಅನ್ನೋದು ನಮ್ಮೂರ ಕಿರಾಣಿ ಅಂಗಡಿಯವರಿಗೆ ಮೊದಲಿಂದಲೂ ಗೊತ್ತು.

ಈಗ

ಅವತ್ತು ಅಪ್ಪನಿಗೆ ಒಂದು ಉಪಾಯ ಹೇಳಿಕೊಟ್ಟೆ. ನಿಮಗೂ ಉಪಯೋಗವಾಗಬಹುದು. ಮೆಸೇಜಿನ ಲಿಂಕನ್ನು ಕಾಪಿ ಮಾಡಿ. ಕ್ರೋಮ್ ತೆರೆದು ಮೇಲೆ ಬಲಗಡೆಯ ಮೂರು ಚುಕ್ಕೆ ಒತ್ತಿ, 'ಡೆಸ್ಕ್‌ಟಾಪ್ ಸೈಟ್' ಅನ್ನುವುದಕ್ಕೆ ಟಿಕ್ ಹಾಕಿ, ಆಮೇಲೆ ಲಿಂಕ್ ಅಂಟಿಸಿ. ಆಗ ನಿಮ್ಮ ಫೋನು ತಾನು ಕಂಪ್ಯೂಟರ್ ಅಂತ ಹೇಳಿಕೊಳ್ಳುತ್ತದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಅಂದ್ರೆ ನಮ್ಮ ಫೋನು ಸುಳ್ಳು ಹೇಳಿದ್ರೆ ರಿಪೋರ್ಟು ಕೊಡ್ತಾರೆ ಅನ್ನು" ಅಂದರು. ಹೌದು ಅಂದೆ.

ಲ್ಯಾಬಿಗೆ ಎಲ್ಲವನ್ನೂ ವಿವರಿಸಿ ಈಮೇಲ್ ಬರೆದೆ, ಲಿಂಕ್ ಒತ್ತಿದಾಗ ಆಗುವುದನ್ನು ವಿಡಿಯೋ ಮಾಡಿ ಕಳಿಸಿದೆ. ಒಂದೂವರೆ ತಿಂಗಳಿಗೆ ಸರಿಹೋಯಿತು. ಯಾರು ಸರಿಮಾಡಿದರೋ ಗೊತ್ತಿಲ್ಲ, ಅವರಿಗೆ ಥ್ಯಾಂಕ್ಸ್.

ನನ್ನ ಹಳೆಯ ಕಂಪನಿಯಲ್ಲಿ ಇನ್ನೂ ಇರುವ ಗೆಳೆಯನಿಗೂ ಫೋನ್ ಮಾಡಿದೆ. "ಆ ಕಾಲೇಜು ಸೈಟು ಇನ್ನೂ ಇದೆಯಾ?" ಇದೆ ಅಂದ. ಒಂಬತ್ತು ಸಾಲೂ ಹಾಗೇ ಇದ್ದವು, ನನ್ನ ಹೆಸರಿನ ಸಮೇತ. ಅವನು ಲಾಗ್ ತೆರೆದು ನೋಡಿ ಸ್ವಲ್ಪ ಹೊತ್ತು ಸುಮ್ಮನಾದ. ರಸೀದಿಯ ವಿಳಾಸ, ಮುಖಪುಟ. ಅದೇ ರಸೀದಿ, ಮತ್ತೆ ಮುಖಪುಟ. ಸಾಲು ಸಾಲಾಗಿ ಇದೇ. "ಮಾರಾಯಾ, ಯಾರೋ ಒಬ್ರು ಹನ್ನೊಂದು ಸಲ ಒತ್ತಿದಾರೆ" ಅಂದ. ಮರುವಾರ ಅವನೇ ಕೂತು ಅದನ್ನು ಬದಲಿಸಿದ. ನಾನು ರಾತ್ರಿ ಫೋನಿನಲ್ಲಿ ಜೊತೆಗಿದ್ದೆ. ಕೊನೆಗೆ ಹದಿಮೂರು ಸಾಲಾಯಿತು. ಎಲ್ಲ ಸೇರಿ ನಾಲ್ಕು ಸಾಲಿನ ವ್ಯತ್ಯಾಸ.

ಈಗ ನಾನು ಮಾಡಿದ ಯಾವ ಪುಟವಾದರೂ ಜನರ ಕೈಗೆ ಹೋಗುವ ಮುಂಚೆ ಅದರ ಲಿಂಕ್ ಅಪ್ಪನಿಗೆ ಕಳಿಸುತ್ತೇನೆ. ಮುಖಪುಟದ್ದಲ್ಲ, ಒಳಗಿನ ಯಾವುದಾದರೂ ಪುಟದ್ದು. ನಮ್ಮ ಆಫೀಸಿನಲ್ಲಿ ಫೋನಿನ ಅಳತೆಯನ್ನು ತೋರಿಸುವ ಉಪಕರಣಗಳಿಗೆ ಕೊರತೆಯಿಲ್ಲ. ಆದರೆ ಕೊಟ್ಟಿಗೆ ಮೂಲೆಯ ಸಿಗ್ನಲ್ಲು, ಅಡಿಕೆ ಸುಲಿದು ಒರಟಾದ ಬೆರಳು ಅವುಗಳಲ್ಲಿ ಇಲ್ಲ. ಅಪ್ಪ ಒತ್ತಿ ನೋಡಿ ಫೋನ್ ಮಾಡುತ್ತಾರೆ. ಹೋದ ತಿಂಗಳು, "ಬಂತು, ಆದ್ರೆ ಆ ಹಸಿರು ಬಟನ್ನು ನನ್ನ ಹೆಬ್ಬೆರಳಿಗೆ ಸಣ್ಣದಾಯ್ತು" ಅಂದರು. ದೊಡ್ಡದು ಮಾಡಿದೆ.

ಈ ವಾರ ಊರಿಗೆ ಫೋನ್ ಮಾಡಿದಾಗ ನಿಮ್ಮ ಮನೆಯವರನ್ನೂ ಒಂದು ಮಾತು ಕೇಳಿ ನೋಡಿ. 'ಫೋನ್ ಸರಿಯಾಗಿದೆಯಾ' ಅಂತಲ್ಲ, ಹಾಗೆ ಕೇಳಿದರೆ ಸರಿಯಾಗಿದೆ ಅಂತಾರೆ. 'ಫೋನಲ್ಲಿ ಆಗದೆ ಪೇಟೆಗೆ ಹೋಗಿ ಮಾಡಿಸ್ಕೊಂಡು ಬರೋ ಕೆಲಸ ಯಾವ್ದು' ಅಂತ ಕೇಳಿ. ಅಪ್ಪನ ಹತ್ತಿರ ನಾನು ಅದನ್ನು ಆರು ತಿಂಗಳು ಮೊದಲೇ ಕೇಳಬೇಕಿತ್ತು.